ಸ್ಕೇಲಿಗೆ ಸಿಗದ ಸಾಲು

ಗಿರಣಿಯಿಂದ ಜೋಳದ ಹಿಟ್ಟು ಬಿಸಿಬಿಸಿಯಾಗಿ ಡಬ್ಬಿಗೆ ಬೀಳುವಾಗ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿದರೆ ಉಳಿದವರಿಗೆ ರೊಟ್ಟಿ ನೆನಪಾಗುತ್ತದೆ. ನನಗೆ ಒಂದು ಅಡಿಯ ಪ್ಲಾಸ್ಟಿಕ್ ಸ್ಕೇಲು ನೆನಪಾಗುತ್ತದೆ. ಕಳೆದ ತಿಂಗಳು ದಾವಣಗೆರೆಗೆ, ದೇವರಾಜ ಅರಸು ಬಡಾವಣೆಯ ಅಕ್ಕನ ಮನೆಗೆ ಹೋಗಿದ್ದೆ. ನಾನು ಬ್ಯಾಗ್ ಕೆಳಗಿಡುವುದರೊಳಗೆ ಅಕ್ಕ ಜೋಳದ ಡಬ್ಬಿ ಕೈಗಿಟ್ಟು, "ಮಳಿ ಬರೋದ್ರೊಳಗೆ ಬೀಸಿಸ್ಕೊಂಡು ಬಾರೆ" ಎಂದು ಬೀದಿ ಕೊನೆಯ ಗಿರಣಿಗೆ ಅಟ್ಟಿದಳು. ಅಲ್ಲಿ ಸರದಿಯಲ್ಲಿ ನಿಂತು, ಹುಬ್ಬಿನ ಮೇಲೆಲ್ಲ ಹಿಟ್ಟು ಕೂರಿಸಿಕೊಂಡ ಗಿರಣಿಯವನನ್ನು ನೋಡುತ್ತಿದ್ದಾಗ ಆರು ವರ್ಷದ ಹಿಂದಿನ ಮಳೆಗಾಲ ಪೂರಾ ತಲೆಗೆ ಬಂತು. ಹಿಟ್ಟನ್ನು ಅಕ್ಕನ ಕೈಗೆ ಕೊಟ್ಟವಳೇ ಹರಿಹರದ ಬಸ್ ಹತ್ತಿದೆ. ಊಟಕ್ಕೂ ನಿಲ್ಲದೆ ಹೋದೆನೆಂದು ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ.

ಆಗ ನನಗೆ ಇಪ್ಪತ್ನಾಲ್ಕು. ಕನ್ನಡದಲ್ಲಿ ಎಂ.ಎ. ಮುಗಿಸಿ, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಅಪ್ಪನಿಗಿಂತ ಮೊದಲು ಪೇಪರ್ ಓದಿ ಬೈಸಿಕೊಳ್ಳುತ್ತಿದ್ದವಳು ಅದೇ ಪೇಪರಿನಲ್ಲಿ ಕೆಲಸಕ್ಕೆ ಸೇರಿದೆ. ಅದರ ಹೆಸರು ಇಲ್ಲಿ ಬೇಡ. ಹಳೇ ದಾವಣಗೆರೆಯ ಒಂದು ಮಹಡಿ, ಮೂರು ಕಂಪ್ಯೂಟರ್, ಮಳೆ ಬಂದರೆ ಸೋರುವ ಎರಡು ಜಾಗ, ಆ ಜಾಗಗಳಿಗೆ ಕಾಯಂ ಆಗಿ ನೇಮಕವಾಗಿದ್ದ ಎರಡು ಬಕೆಟ್. ಸಂಪಾದಕರು ನಾಗೇಂದ್ರಪ್ಪನವರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ಅವರ ಬಲಗೈ ನಮ್ಮ ಪ್ರೂಫ್ ರೀಡರ್ ದಾದಾಪೀರ್ ಚಾಚಾ. ಮನೆಯಲ್ಲಿ ಉರ್ದು ಮಾತಾಡುತ್ತಿದ್ದ ಚಾಚಾ ಕನ್ನಡದ ಒಂದು ಒತ್ತಕ್ಷರ ತಪ್ಪಿದರೆ ಯಾರೋ ತಮ್ಮ ಕಾಲು ತುಳಿದಂತೆ ಮುಖ ಮಾಡುತ್ತಿದ್ದರು. ಎಂ.ಎ. ಮಾಡಿದ ನನ್ನ ಮೊದಲ ವರದಿಯಲ್ಲಿ ಅವರು ಹದಿನಾಲ್ಕು ತಪ್ಪು ಹುಡುಕಿ, "ಪರವಾಗಿಲ್ಲ ಬೇಟಾ, ಫಸ್ಟ್ ಟೈಮ್" ಎಂದಿದ್ದರು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತ್ತು.

ಆಫೀಸಿಗೆ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ಒಂದು, ಪತ್ರಿಕೆಯಲ್ಲಿ 'ಗೊತ್ತಿಲ್ಲ' ಎಂದು ಬರೆಯಕೂಡದು. "ಗೊತ್ತಿಲ್ಲ ಅನ್ನೋದನ್ನ ಜನ ಮನ್ಯಾಗೆ ಪುಕ್ಕಟೆ ಕೇಳ್ತಾರೆ, ನಮ್ ಹತ್ರ ಕೊಂಡ್ಕೊಂಡು ಯಾಕೆ ಓದ್ಬೇಕು?" ಎನ್ನುತ್ತಿದ್ದರು ಸಂಪಾದಕರು. ಇನ್ನೊಂದು ಸ್ಕೇಲಿನ ನಿಯಮ. ಎರಡು ಕಡೆಯ ಜಗಳ ಇರುವ ಸುದ್ದಿ ಬಂದರೆ ಚಾಚಾ ಪ್ರೂಫ್ ಹಾಳೆಯ ಮೇಲೆ ಸ್ಕೇಲ್ ಇಟ್ಟು ಒಬ್ಬರ ಕಡೆಗೆ ಎಷ್ಟು ಸೆಂಟಿಮೀಟರ್, ಇನ್ನೊಬ್ಬರ ಕಡೆಗೆ ಎಷ್ಟು ಎಂದು ಅಳೆಯುತ್ತಿದ್ದರು. ಸಮ ಬಂದರೆ ಅಚ್ಚಿಗೆ ಹೋಗುತ್ತಿತ್ತು, ಬರದಿದ್ದರೆ ಕತ್ತರಿ. ಮಹಾನಗರ ಪಾಲಿಕೆಯ ನಲ್ಲಿ ಜಗಳದಿಂದ ಹಿಡಿದು ಗಂಡ ಹೆಂಡಿರ ಪತ್ರಿಕಾಗೋಷ್ಠಿಯವರೆಗೆ ಎಲ್ಲ ನ್ಯಾಯವೂ ಆ ಸ್ಕೇಲಿನಲ್ಲಿ ತೀರ್ಮಾನವಾಗುತ್ತಿತ್ತು.

ಆ ಜೂನಿನಲ್ಲಿ ಹರಿಹರದ ಒಂದು ಹಳೆಯ ಕೊಲೆ ಪ್ರಕರಣ ಎಲ್ಲರ ಬಾಯಲ್ಲಿತ್ತು. ನಡೆದದ್ದು ಅದಕ್ಕೂ ಹನ್ನೊಂದು ವರ್ಷ ಹಿಂದೆ. ಹರಿಹರದ ಹಳೇ ಪೇಟೆಯ ಓಣಿಯಲ್ಲಿ ಹಾಲೇಶಪ್ಪ ಎಂಬುವರ ಹಿಟ್ಟಿನ ಗಿರಣಿ. ಅಲ್ಲಿ ಎಂಟು ವರ್ಷದಿಂದ ಕೆಲಸಕ್ಕಿದ್ದವರು ದಾವಣಗೆರೆ ಪಕ್ಕದ ಆವರಗೆರೆಯ ಚೌಡಪ್ಪ. ಒಂದು ಸಂಜೆ ಹಾಲೇಶಪ್ಪ ಗಿರಣಿಯೊಳಗೆ ತಲೆಗೆ ಪೆಟ್ಟು ಬಿದ್ದು ಸತ್ತಿದ್ದರು. ಚೌಡಪ್ಪನವರ ಅಂಗಿಯ ಮೇಲೆ ರಕ್ತವಿತ್ತು. ಅವರು ಅರ್ಧ ಗಂಟೆ ಯಾರನ್ನೂ ಕೂಗಿರಲಿಲ್ಲ. "ಎತ್ತಿ ಕೂಡ್ರಿಸಾಕೆ ಹೋದೆ, ರಕ್ತ ಹತ್ತಿತು, ಕೈಕಾಲು ಆಡ್ಲಿಲ್ಲ" ಎಂದು ಅವರು ಹೇಳಿದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ಬೇರೊಬ್ಬ ಓಡಿಹೋಗಿದ್ದನ್ನು ಕಂಡೆ ಎಂದ ನೆರೆಯವರ ಮಾತನ್ನೂ ನಂಬಲಿಲ್ಲ. ಜೀವಾವಧಿ ಶಿಕ್ಷೆಯಾಯಿತು. ಮೇಲ್ಮನವಿಯಲ್ಲೂ ಅದೇ ಉಳಿಯಿತು. ಆದರೆ ಹೊಡೆದ ಆಯುಧ ಕೊನೆಗೂ ಸಿಗಲಿಲ್ಲ, ಗಲ್ಲಾಪೆಟ್ಟಿಗೆ ಮುಟ್ಟಿದಂತಿರಲಿಲ್ಲ. ಹಾಗಾಗಿ ಊರು ಎರಡು ಹೋಳಾಗಿಯೇ ಇತ್ತು.

ಆ ಮಳೆಗಾಲದಲ್ಲಿ ಒಂದು ಟಿ.ವಿ. ಚಾನೆಲ್ಲಿಗೆ ಈ ಕಥೆ ಸಿಕ್ಕಿತು. ಚೌಡಪ್ಪನವರ ಫೋಟೋಗೆ ಕೆಂಪು ಬಣ್ಣ ಬಳಿದು, ಹಿಂದೆ ನಗಾರಿ ಬಾರಿಸಿ, 'ಉಂಡ ಮನೆಗೆ ಎರಡು ಬಗೆದ ಹಂತಕ' ಎಂದು ಒಂದು ಗಂಟೆ ತೋರಿಸಿದರು. ವಾರ ಕಳೆಯುವುದರೊಳಗೆ ಯೂಟ್ಯೂಬಿನಲ್ಲೊಬ್ಬ ಅದೇ ಫೋಟೋಗೆ ಬಿಳಿ ಬೆಳಕು ಹಾಯಿಸಿ, ಕೊಳಲು ಊದಿಸಿ, 'ಅಮಾಯಕನ ಕಣ್ಣೀರು' ಎಂದು ಬಿಟ್ಟ. ನಮ್ಮ ಅಮ್ಮ ಎರಡನ್ನೂ ನೋಡಿದಳು. ನಗಾರಿ ಕೇಳಿದ ದಿನ ಚೌಡಪ್ಪನನ್ನು ಶಪಿಸಿದಳು, ಕೊಳಲು ಕೇಳಿದ ದಿನ ಅದೇ ಚೌಡಪ್ಪನಿಗಾಗಿ ಕಣ್ಣೊರೆಸಿಕೊಂಡಳು. ಎರಡು ದಿನವೂ ಪೂರ್ತಿ ಮನಸ್ಸಿನಿಂದ.

"ನಗಾರಿನೂ ಬ್ಯಾಡ, ಕೊಳಲೂ ಬ್ಯಾಡ" ಎಂದರು ನಾಗೇಂದ್ರಪ್ಪನವರು. "ಭಾನುವಾರಕ್ಕೆ ಒಂದು ಪೂರ್ತಿ ಪುಟ. ತಕ್ಕಡಿ ಹಿಡಿದಂಗೆ ಇರ್ಬೇಕು. ನೀನೇ ಬರಿಯಮ್ಮ."

ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ. ಛತ್ರಿ ಹಿಡಿದು ಮೊದಲು ಆವರಗೆರೆಗೆ ಹೋದೆ. ಚೌಡಪ್ಪನವರ ಅಕ್ಕ ಗಂಗಮ್ಮ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಒಂದು ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿ. ಆ ಅಜ್ಜಿ ನನ್ನನ್ನು ಕಂಡ ಕೂಡಲೇ, "ನಮ್ ಚೌಡ ಬಂದನೇನು?" ಎಂದು ಕೇಳಿತು. ಅಲ್ಲ ಅಜ್ಜಿ, ನಾನು ಪೇಪರಿನವಳು ಎಂದೆ. ಅಜ್ಜಿಗೆ ಅದು ದೊಡ್ಡ ಸುದ್ದಿ ಅನ್ನಿಸಲಿಲ್ಲ, ಗೋಡೆ ಕಡೆ ತಿರುಗಿಕೊಂಡಿತು. ಗಂಗಮ್ಮ ಒಗ್ಗರಣೆ ಮಂಡಕ್ಕಿ, ಎಣ್ಣೆಯಿಂದ ಆಗ ತಾನೇ ತೆಗೆದ ಮೆಣಸಿನಕಾಯಿ ಬಜ್ಜಿ ಕೊಟ್ಟು ಮೂರು ತಾಸು ಮಾತಾಡಿದರು. ಮತ್ತೆರಡು ಸಲ ಹೋದೆ. ವರದಿಗಾಗಿ ಎಂದು ಆಫೀಸಿಗೆ ಹೇಳಿದ್ದೆ, ಮೆಣಸಿನಕಾಯಿಯ ಪಾಲೂ ಅದರಲ್ಲಿತ್ತು.

ಹರಿಹರದಲ್ಲಿ ಅಂಥ ಉಪಚಾರವಿರಲಿಲ್ಲ. ಹಾಲೇಶಪ್ಪನವರ ಮಗಳು ಅನ್ನಪೂರ್ಣ ಈಗ ಆ ಗಿರಣಿ ನಡೆಸುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ತಲೆಗೆ ಟವೆಲ್ ಕಟ್ಟಿಕೊಂಡು, ಒಂದು ಕಣ್ಣು ಬೆಲ್ಟಿನ ಮೇಲಿಟ್ಟೇ ಮಾತಾಡುತ್ತಿದ್ದರು. "ಟಿ.ವಿ.ಯವ್ರಿಗೆ ಹೇಳಿ ಹೇಳಿ ಸಾಕಾಗೈತೆ ನನಗೆ. ಕೇಳೋದು ಏನೈತೆ ಲಗೂನೆ ಕೇಳ್ರಿ, ಕರೆಂಟ್ ಹೋಗ್ತೈತೆ" ಎಂದರು. ಆ ಸಂಜೆಯ ಬಗ್ಗೆ ಕೇಳಿದೆ, ತೀರ್ಪಿನ ಬಗ್ಗೆ ಕೇಳಿದೆ. ಉಳಿದ ಹಿನ್ನೆಲೆ ಹೇಗೂ ನಮ್ಮ ಹಳೇ ಕಟಿಂಗ್‌ಗಳ ಕಟ್ಟಿನಲ್ಲಿತ್ತಲ್ಲ, ಮತ್ತೆ ಕೇಳುವುದೇಕೆ ಎಂದು ಬಂದುಬಿಟ್ಟೆ.

ಬರೆದೆ. ಮೇಲೆ 'ಹಿನ್ನೆಲೆ' ಎಂದು ಒಂದು ಪ್ಯಾರಾ, ಕೆಳಗೆ ಎಡಗಡೆ ಹಾಲೇಶಪ್ಪನವರ ಮನೆಯವರ ಮಾತು, ಬಲಗಡೆ ಚೌಡಪ್ಪನವರ ಮನೆಯವರ ಮಾತು. ಚಾಚಾ ಸ್ಕೇಲ್ ಇಟ್ಟು ಕಣ್ಣು ಕಿರಿದು ಮಾಡಿದರು. "ಚೌಡಪ್ಪನ ಕಡೆ ಎರಡು ಸೆಂಟಿಮೀಟರ್ ಜಾಸ್ತಿ ಐತೆ ಬೇಟಾ. ಏನ್ ತಿನ್ನಿಸಿದ್ರು ಅಲ್ಲಿ?" ನಾನು ಕೆಂಪಗಾದೆ. ಎರಡು ಸೆಂಟಿಮೀಟರ್ ಮೆಣಸಿನಕಾಯಿಯ ಋಣವನ್ನು ಕತ್ತರಿಸಿದೆವು. ಕೊನೆಯಲ್ಲಿ ನಾನು, 'ಆ ಸಂಜೆ ಗಿರಣಿಯೊಳಗೆ ನಿಜವಾಗಿ ಏನಾಯಿತೋ ನಮಗೆ ಗೊತ್ತಿಲ್ಲ' ಎಂದು ಬರೆದಿದ್ದೆ. ಸಂಪಾದಕರು ಕೆಂಪು ಪೆನ್ನಿನಿಂದ ಅದನ್ನು ತೆಗೆದರು. ಪುಟ ಸಮ ಬಂತು. ನೋಡಲು ಬಹಳ ಚಂದವಿತ್ತು. ಅಪ್ಪ ಭಾನುವಾರ ಅದನ್ನು ನೆರೆಮನೆಯವರಿಗೆಲ್ಲ ತೋರಿಸಿ ಬಂದರು.

ನಾಗೇಂದ್ರಪ್ಪನವರು ಮಾತ್ರ ಸೋಮವಾರ ಫೋನಿನ ಪಕ್ಕ ಕುಳಿತರು. "ಇಬ್ರೂ ಬೈಬೇಕು. ಒಬ್ರೇ ಬೈದ್ರೆ ನಾವು ವಾಲೀವಿ ಅಂತ ಅರ್ಥ." ಹನ್ನೊಂದಕ್ಕೆ ಅನ್ನಪೂರ್ಣ ಅವರ ಫೋನ್ ಬಂತು. ನನ್ನನ್ನೇ ಫೋನಿಗೆ ಕರೆಸಿ, ಸರಿಯಾಗಿ ಬೈದರು. ಮಧ್ಯಾಹ್ನ ಗಂಗಮ್ಮ ಸ್ವತಃ ಮೆಟ್ಟಿಲು ಹತ್ತಿ ಬಂದು, ಒದ್ದೆ ಸೀರೆಯಲ್ಲೇ ನಿಂತು ಬೈದರು. ಸಂಪಾದಕರಿಗೆ ಖುಷಿಯೋ ಖುಷಿ. ಎಲ್ಲರಿಗೂ ಬೆಣ್ಣೆ ದೋಸೆ ತರಿಸಿದರು. ಗಂಗಮ್ಮನಿಗೂ ಒಂದು ಪೊಟ್ಟಣ ಕೊಡಲು ಹೋದರು. ಅವರು ಅದರ ಕಡೆ ನೋಡಲೂ ಇಲ್ಲ.

ನಾನು ಮಾತ್ರ ನನ್ನ ದೋಸೆಯ ಪೊಟ್ಟಣ ಬಿಚ್ಚಲಿಲ್ಲ. ಏಕೆಂದರೆ ಇಬ್ಬರೂ ಬೈದದ್ದು ಒಂದೇ ಸಾಲಿಗೆ. ಅದು ಎಡದಲ್ಲೂ ಇರಲಿಲ್ಲ, ಬಲದಲ್ಲೂ ಇರಲಿಲ್ಲ. ಹಿನ್ನೆಲೆಯ ಪ್ಯಾರಾದಲ್ಲಿತ್ತು: 'ಇಬ್ಬರ ನಡುವೆ ಹಳೆಯ ದ್ವೇಷವಿದ್ದು, ಪ್ರತಿ ದಿನ ಜಗಳವಾಗುತ್ತಿತ್ತು.' ಅದು ಯಾರ ಕಡೆಯ ಮಾತೂ ಅಲ್ಲ, ಎಲ್ಲರಿಗೂ ತಿಳಿದ ಸಂಗತಿ ಎಂದು ಅಲ್ಲಿ ಸ್ಕೇಲನ್ನೇ ಇಟ್ಟಿರಲಿಲ್ಲ.

"ನಮ್ಮಪ್ಪ ಯಾರ ಮ್ಯಾಲೂ ದ್ವೇಷ ಇಟ್ಕೊಂಡೋನಲ್ಲ. ಸತ್ತೋನ ತಲಿಗೆ ಯಾಕ್ರೀ ಕಟ್ತೀರಿ ಅದನ್ನ?" ಎಂದಿದ್ದರು ಅನ್ನಪೂರ್ಣ ಫೋನಿನಲ್ಲಿ.

ಗಂಗಮ್ಮ ಬೈದದ್ದಷ್ಟೇ ಅಲ್ಲ, ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ತಾಯಿಯನ್ನು ನೋಡಲು ಚೌಡಪ್ಪನವರಿಗೆ ಪೆರೋಲ್ ಕೊಡಿ ಎಂದು ಹಾಕಿದ ಅರ್ಜಿಗೆ ಬಂದ ಉತ್ತರ. ಎರಡು ಸಲ ಅದೇ ಉತ್ತರ. 'ಎರಡು ಕುಟುಂಬಗಳ ನಡುವೆ ಹಳೆಯ ದ್ವೇಷವಿದೆ ಎಂಬುದು ಸಾರ್ವಜನಿಕವಾಗಿ ತಿಳಿದ ವಿಷಯವಾಗಿದ್ದು, ಶಾಂತಿ ಕದಡುವ ಸಂಭವವಿದೆ.' "ಅವ್ನು ತಪ್ಪು ಮಾಡಿಲ್ಲ ಅಂತ ಬರೀರಿ ಅಂತ ನಾನು ಹೇಳಾಕತ್ತಿಲ್ಲ ತಂಗಿ" ಎಂದರು ಗಂಗಮ್ಮ. "ಇಲ್ಲದ್ದನ್ನ ಬರೀಬ್ಯಾಡ್ರಿ ಅಂತೀನಿ ಅಷ್ಟೇ. ನಮ್ಮವ್ವ ಇನ್ನೆಷ್ಟು ದಿನ ಇರ್ತಾಳೆ?"

ಅವರು ಹೋದ ಮೇಲೆ ತೀರ್ಪಿನ ಪ್ರತಿ ತೆಗೆದು ಕುಳಿತೆ. ಎಲ್ಲ ಪುಟ ಓದಿದರೂ 'ದ್ವೇಷ' ಎಂಬ ಮಾತಿರಲಿಲ್ಲ. ಆಮೇಲೆ ಕಟಿಂಗ್‌ಗಳ ಕಟ್ಟನ್ನು ನೆಲದ ಮೇಲೆ ಹರಡಿ ಹಿಂದಕ್ಕೆ ಹಿಂದಕ್ಕೆ ಹೋದೆ. ಟಿ.ವಿ.ಯವರು ಒಂದು ದಿನಪತ್ರಿಕೆಯಿಂದ ಎತ್ತಿದ್ದರು, ಅವರು ಇನ್ನೊಂದರಿಂದ, ಅವರು ಮತ್ತೊಂದರಿಂದ. ಎಲ್ಲಕ್ಕೂ ಕೆಳಗೆ, ಕೊಲೆಯಾದ ಮಾರನೇ ದಿನದ್ದು, ಮೊದಲ ಪುಟದ್ದು, ಹಳದಿಯಾದ ಒಂದು ತುಣುಕು ಸಿಕ್ಕಿತು. ಪತ್ರಿಕೆ ನಮ್ಮದೇ. ಕೆಳಗೆ ಬರೆದವರ ಹೆಸರಿತ್ತು: ನಾಗೇಂದ್ರಪ್ಪ, ಹರಿಹರ.

ಅದನ್ನು ಅವರ ಮುಂದೆ ಇಟ್ಟೆ. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಯಾರು ಹೇಳಿದ್ರು ಸಾರ್ ಇದನ್ನ?"

"ಗಿರಣಿ ಎದುರಿಗೆ ಚಾ ಅಂಗಡಿ ಇತ್ತು. ದಿನಾ ಇಬ್ರೂ ಕೂಗಾಡ್ತಿದ್ರು ಅಂತ ಅಲ್ಲಿದ್ದೋರು ಅಂದ್ರು. ನಾನಾಗ ವರದಿಗಾರ, ವಾಪಸ್ ಬಸ್ಸಿಗೆ ಹೊತ್ತಾಗಿತ್ತು."

"ಯಾಕೆ ಕೂಗಾಡ್ತಿದ್ರು ಅಂತ ಕೇಳ್ಲಿಲ್ವಾ?"

ಉತ್ತರ ಬಂದದ್ದು ಮೂಲೆಯಲ್ಲಿದ್ದ ಚಾಚಾನಿಂದ. "ಆವತ್ತು ಪ್ರೂಫ್ ನೋಡಿದ್ದು ನಾನೇ. ದ್ವೇಷಕ್ಕೆ ಒತ್ತು ಸರಿಯಾಗೈತಾ ಅಂತ ನೋಡಿದೆ. ದ್ವೇಷ ಐತಾ ಅಂತ ನೋಡ್ಲಿಲ್ಲ." ಹಾಗೆಂದು ಸ್ಕೇಲನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. ನಾನೂ ಅದೇ ಸಾಲನ್ನು ಕಣ್ಣುಮುಚ್ಚಿ ಇಳಿಸಿಕೊಂಡವಳೇ. ಇಬ್ಬರು ಹಿರಿಯರ ಎದುರು ನ್ಯಾಯಾಧೀಶೆಯಂತೆ ನಿಂತದ್ದಕ್ಕೆ ನಾಚಿಕೆಯಾಯಿತು.

ಮಾರನೇ ದಿನ ಮೂವರೂ ಹರಿಹರಕ್ಕೆ ಹೊರಟೆವು. ಜೋರು ಮಳೆ. ಬಸ್ಸಿನ ಕಿಟಕಿ ಮುಚ್ಚಲು ಬರುತ್ತಿರಲಿಲ್ಲ, ಚಾಚಾ ತಮ್ಮ ಛತ್ರಿಯನ್ನು ಬಸ್ಸಿನೊಳಗೇ ಬಿಚ್ಚಿ ಕಂಡಕ್ಟರನ ಹತ್ತಿರ ಬೈಸಿಕೊಂಡರು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು, ಊರಿನ ಅರ್ಧ ಜನ ಅದನ್ನು ನೋಡಲು ಸೇತುವೆ ಮೇಲಿದ್ದರು. ಗಿರಣಿಯಲ್ಲಿ ಕರೆಂಟ್ ಹೋಗಿತ್ತು. ಅನ್ನಪೂರ್ಣ ಬಾಗಿಲಲ್ಲೇ ನಮ್ಮನ್ನು ತಡೆದರು.

"ನೀವೇ ಏನ್ರೀ ಮೊದಲು ಬರ್ದೋರು?"

"ಹೂನಮ್ಮ. ನಾನೇ" ಎಂದರು ನಾಗೇಂದ್ರಪ್ಪನವರು. ಆ ದಪ್ಪ ದನಿ ಎಲ್ಲಿಗೆ ಹೋಗಿತ್ತೋ.

"ಬರ್ರಿ ಒಳಗೆ. ಕೂಡ್ರಿ. ಅಲ್ಲಲ್ಲ, ಆ ಕಲ್ಲಿನ ಮ್ಯಾಲೆ ಬ್ಯಾಡ. ಅದನ್ನೇ ತೋರಿಸ್ಬೇಕು ನಿಮಗೆ."

ಬಾಗಿಲ ಪಕ್ಕದಲ್ಲಿ ಒಂದು ಚಪ್ಪಡಿ ಕಲ್ಲು. ಅವರು ಟವೆಲಿನಿಂದ ಹಿಟ್ಟು ಒರೆಸಿದರು. ಕೆಳಗೆ ಉಳಿಯಿಂದ ಕೊರೆದ ಚೌಕಾಬಾರದ ಮನೆಗಳು, ಐದು ಅಡ್ಡ ಐದು ಉದ್ದ. ಕರೆಂಟ್ ಹೋದಾಗಲೆಲ್ಲ ಹಾಲೇಶಪ್ಪ, ಚೌಡಪ್ಪ ಇಬ್ಬರೂ ಎದುರು ಬದುರು ಕುಳಿತು ಕವಡೆ ಹಾಕುತ್ತಿದ್ದರಂತೆ. ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತಿತ್ತು ಎಂಬುದು ಓದುಗರಿಗೆ ಗೊತ್ತು.

"ಕಾಯಿ ಹೊಡಸ್ಕೊಂಡೋರು ಸುಮ್ನೆ ಇರ್ತಾರೇನ್ರಿ? ಕವಡಿ ಸರಿಯಾಗಿ ಬೀಳ್ಲಿಲ್ಲ, ಮತ್ತೆ ಹಾಕು ಅಂತ ಇವ್ರು. ಮೋಸ ಅಂತ ಅವ್ರು. ಓಣಿ ಹಾರಿಹೋಗಂಗೆ ಕೂಗೋರು. ಆಮ್ಯಾಲೆ ಒಂದೇ ಪೇಪರ್‌ನಾಗೆ ಮಂಡಕ್ಕಿ ಸುರ್ಕೊಂಡು ತಿನ್ನೋರು. ನನ್ನ ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ಚೌಕಾಬಾರದಲ್ಲಿ ಕೂಗದೆ ಆಡುವವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ನಾಗೇಂದ್ರಪ್ಪನವರೇ ಮನೆಯಲ್ಲಿ ಮೊಮ್ಮಗಳ ಜೊತೆ ಕೂಗಾಡಿ ಆಡುವವರು. ಅಂಥವರಿಗೂ ಆವತ್ತು ಅದು ಹೊಳೆಯಲಿಲ್ಲ, ಹೆಣ ಬಿದ್ದ ಮೇಲೆ ಕೂಗೆಲ್ಲ ದ್ವೇಷವಾಗಿಯೇ ಕೇಳಿಸಿತು.

ನನಗೆ ಉತ್ಸಾಹ ತಡೆಯಲಿಲ್ಲ. "ಹಾಗಾದ್ರೆ ಚೌಡಪ್ಪನವರು..." ಎಂದು ಶುರು ಮಾಡಿದೆ.

"ತಡೀರಿ" ಎಂದರು ಅನ್ನಪೂರ್ಣ. "ಜಗಳ ಆಟದ್ದು ಅಂತ ಬರೀರಿ. ಅದಕ್ಕೇ ಅವ್ನು ಕೊಂದಿಲ್ಲ ಅಂತ ಬರೀಬ್ಯಾಡ್ರಿ. ಜತಿಗೆ ಕುಂತು ಆಡಿದೋನೂ ಹೊಡೀಬೋದು. ಅವ್ನೇ ಮಾಡ್ಯಾನೋ ಇಲ್ಲೋ, ನಿಮಗೆ ಗೊತ್ತೈತೇನು?"

"ಇಲ್ಲ. ಗೊತ್ತಿಲ್ಲ."

"ಮತ್ತೆ ಹಂಗೇ ಬರೀಬೇಕಿತ್ತು."

"ಬರ್ದಿದ್ದೆ ಅಕ್ಕಾ. ಸಾರ್ ಅಳಿಸಿದ್ರು."

ಸಾರ್ ಗಿರಣಿಯ ಮಾಡಿನಲ್ಲಿದ್ದ ಜೇಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಚಾಚಾಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅನ್ನಪೂರ್ಣ ಕೂಡ ನಕ್ಕುಬಿಟ್ಟರು. ಆಮೇಲೆ ಚಾ ಬಂತು. ಎರಡು ಸಲ ಬಂದು, ಆ ಮನೆಯ ಚಾ ಕುಡಿದದ್ದು ಅದೇ ಮೊದಲು.

ತಿದ್ದುಪಡಿ ಎಲ್ಲಿ ಹಾಕುವುದೆಂದು ಆಫೀಸಿನಲ್ಲಿ ಕೊನೆಯ ಯುದ್ಧವಾಯಿತು. ಸಂಪಾದಕರು ಏಳನೇ ಪುಟ, ರಾಶಿಭವಿಷ್ಯದ ಕೆಳಗೆ ಎಂದರು. ಚಾಚಾ ಡ್ರಾಯರ್ ತೆಗೆದು ಸ್ಕೇಲನ್ನು ಹಳೆಯ ತುಣುಕಿನ ಮೇಲಿಟ್ಟರು. "ಮೊದಲ ಪುಟ, ಎಡಕ್ಕೆ, ಮ್ಯಾಲಿಂದ ಆರು ಸೆಂಟಿಮೀಟರ್. ತಪ್ಪು ಎಲ್ಲಿತ್ತೋ ಅಲ್ಲೇ ಹಾಕ್ರಿ ಸಾರ್." ನಾಗೇಂದ್ರಪ್ಪನವರು ಹಾಳೆ ಎಳೆದುಕೊಂಡು ತಾವೇ ಬರೆದರು. ಹಳೆಯ ದ್ವೇಷವಿತ್ತೆಂದು ಬರೆಯಲು ನಮ್ಮ ಬಳಿ ಆಧಾರವಿರಲಿಲ್ಲ, ಎರಡು ಮನೆಯವರನ್ನೂ ನಾವು ಕೇಳಿರಲಿಲ್ಲ, ಕ್ಷಮೆಯಿರಲಿ ಎಂದು. ಕೆಳಗೆ ಹನ್ನೊಂದು ವರ್ಷದ ಹಿಂದಿನಂತೆಯೇ ತಮ್ಮ ಹೆಸರು ಹಾಕಿದರು. ಆ ದಿನ ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ.

ಗಂಗಮ್ಮ ಆ ತುಣುಕನ್ನು ಲಗತ್ತಿಸಿ ಮೂರನೇ ಅರ್ಜಿ ಹಾಕಿದರು. ವಿಚಾರಣೆಗೆ ಬಂದ ಪೊಲೀಸರಿಗೆ ಅನ್ನಪೂರ್ಣ ಹೇಳಿಕೆ ಕೊಟ್ಟರು: "ದ್ವೇಷ ಇದ್ದಿಲ್ಲ, ಈಗ್ಲೂ ಇಲ್ಲ. ಅವ್ನ ಮ್ಯಾಲೆ ನಂಬಿಕೆನೂ ಇಲ್ಲ. ತಾಯಿನ ನೋಡಾಕೆ ಬರ್ಲಿ, ನಂದೇನ್ ತಕರಾರಿಲ್ಲ." ಗಣೇಶನ ಹಬ್ಬ ಕಳೆದ ವಾರ ಚೌಡಪ್ಪನವರಿಗೆ ಹದಿನೈದು ದಿನದ ಪೆರೋಲ್ ಸಿಕ್ಕಿತು. ಪೇಪರಿನಿಂದಲೋ, ಹೇಳಿಕೆಯಿಂದಲೋ, ಅಜ್ಜಿಯ ಹಣೆಬರಹವೋ, ಹೇಳಲಾರೆ. ಆವರಗೆರೆಗೆ ನಾನು ಹೋದಾಗ ಮಗನ ಕೈ ಹಿಡಿದುಕೊಂಡಿದ್ದ ಅಜ್ಜಿ ನನ್ನನ್ನು ಕಂಡು, "ಪೇಪರಿನೋಳು ಬಂದ್ಲು, ಮೆಣಸಿನಕಾಯಿ ಹಾಕೆ" ಎಂದು ಮಗಳಿಗೆ ಕೂಗಿ ಹೇಳಿತು. ಮುಂದಿನ ವರ್ಷ ನನಗೆ ಹಾಸನದಲ್ಲಿ ಉಪನ್ಯಾಸಕಿ ಕೆಲಸ ಸಿಕ್ಕಿ ಪತ್ರಿಕೆ ಬಿಟ್ಟೆ.

ಇಷ್ಟು ನೆನಪು ಹೊತ್ತು ಕಳೆದ ತಿಂಗಳು ಹರಿಹರದಲ್ಲಿ ಇಳಿದವಳಿಗೆ ಗಿರಣಿ ದೂರದಿಂದಲೇ ಕೇಳಿಸಿತು. ಅನ್ನಪೂರ್ಣ ಅವರಿಗೆ ಕೂದಲು ನರೆತಿದೆಯೋ ಹಿಟ್ಟು ಕೂತಿದೆಯೋ ಹೇಳುವುದು ಕಷ್ಟ. "ಅಯ್ಯ, ಬಾರವ್ವ!" ಎಂದು ಕೈ ಹಿಡಿದು ಒಳಗೆ ಕರೆದರು. ಕಲ್ಲಿನ ಮೇಲೆ ಹಿಟ್ಟಿರಲಿಲ್ಲ, ಮನೆಗಳು ಎದ್ದು ಕಾಣುತ್ತಿದ್ದವು. ನಾನು ಅದನ್ನೇ ನೋಡುತ್ತಿರುವುದು ಕಂಡು ಅವರೇ ಹೇಳಿದರು.

"ಆವಾಗ ಚೌಡಪ್ಪ ಪೆರೋಲ್ ಮ್ಯಾಲೆ ಬಂದಿದ್ದನಲ್ಲ, ನಾನೇ ಕರೆಸಿದ್ದೆ. ಇಲ್ಲೇ ಕುಂತಿದ್ದ. ಚಾ ಕೊಟ್ಟೆ. ಕೇಳಿದೆ, ನೀನೇ ಹೊಡೆದ್ಯೇನಪ್ಪ ನಮ್ಮಪ್ಪನ್ನ ಅಂತ. ಇಲ್ಲವ್ವ ಅಂದ."

"ನಂಬಿದ್ರಾ ಅಕ್ಕಾ?"

ಯಾರದೋ ಜೋಳ ಕಾಯುತ್ತಿತ್ತು. ಅವರು ಎದ್ದು ಗಿರಣಿ ಹಾಕಿದರು. ಬೆಲ್ಟಿನ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಡಬ್ಬಿ ತುಂಬುವವರೆಗೆ, ಆ ಬಿಸಿ ಹಿಟ್ಟಿನ ವಾಸನೆಯಲ್ಲಿ ನಾನು ಕಾದೆ. ಗಿರಣಿ ನಿಲ್ಲಿಸಿ, ಕೈ ಕೊಡವಿಕೊಂಡು ನನ್ನ ಕಡೆ ತಿರುಗಿದರು.

"ಇದನ್ನೂ ಬರೀತೀರೇನು?"

"ಬರೀಲಾ?"

"ಬರೀರಿ. ಅನ್ನಪೂರ್ಣಗೆ ಗೊತ್ತಿಲ್ಲ ಅಂತ ಬರೀರಿ. ಈ ಸಲ ಯಾರ ಕೈಲೂ ಅಳಿಸಬ್ಯಾಡ್ರಿ."

ಬರೆದಿದ್ದೇನೆ ಅಕ್ಕಾ. ಅಳಿಸಿಲ್ಲ.